ಹುಲ್ಲು ತೆನೆಯೊಡೆಯುವಾಗ ನಮ್ಮ ಬೆಕ್ಕಿನ ಮೈ

ಬೆಕ್ಕಿಗೂ ಅಲರ್ಜಿಯೇ ಎಂದು ನಕ್ಕವರು ಈ ಚಳ್ಳಕೆರೆಯಲ್ಲಿ ಏಳು ಜನ. ಯಾರು, ಎಲ್ಲಿ, ಯಾವಾಗ ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಇದನ್ನು ಅವರಿಗಾಗಿ ಬರೆಯುತ್ತಿಲ್ಲ. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ತಮ್ಮ ಮನೆಯ ಬೆಕ್ಕು ಕೂತಲ್ಲಿ ಮಲಗಿದಲ್ಲಿ ಮೈ ಕೆರೆದುಕೊಳ್ಳುವುದನ್ನು ನೋಡುತ್ತ, ಹೇಳಿಕೊಂಡರೆ ಯಾರು ನಕ್ಕಾರೋ ಎಂದು ಬಾಯಿ ಬಿಗಿಹಿಡಿದು ಕೂತಿರುವವರು ಎಲ್ಲಾದರೂ ಇದ್ದರೆ, ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಮಾಡಿದ ಒಂದು ಕೆಲಸವನ್ನು ಅವರು ಮಾಡದಿರಲಿ ಎಂಬ ಕಾರಣಕ್ಕೂ ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿದವಳು. ಯಜಮಾನರು ತೀರಿಕೊಂಡ ಮೇಲೆ ಮನೆ ಎರಡಾಯಿತು. ಒಂದರ್ಧದಲ್ಲಿ ನಾನು, ಇನ್ನೊಂದರ್ಧದಲ್ಲಿ ಮೈದುನ ರುದ್ರಪ್ಪ ಮತ್ತು ಅವನ ಹೆಂಡತಿ, ನನ್ನ ವಾರಗಿತ್ತಿ ಶಾಂತಾ. ನಡುವೆ ಗೋಡೆ ಎದ್ದಿತು, ಹಿತ್ತಲು ಮಾತ್ರ ಒಂದೇ ಉಳಿಯಿತು. ಬೆಕ್ಕು ನನ್ನದು. ನವಣೆ ಕಾಳಿನ ಬಣ್ಣದ ಹೆಣ್ಣು ಬೆಕ್ಕು. ಹಾಗಾಗಿ ಅದರ ಹೆಸರೂ ನವಣೆ.

ಮೊದಲ ವರ್ಷ ಗಣೇಶನ ಹಬ್ಬ ಕಳೆದ ಮೂರನೆಯ ವಾರ ಅದರ ಕಿವಿಯ ಹಿಂದೆ ಕೂದಲು ತೆಳುವಾಯಿತು. ಬೆರಳಾಡಿಸಿದರೆ ಚರ್ಮದ ಮೇಲೆ ರವೆ ಚೆಲ್ಲಿದಂತೆ ಸಣ್ಣ ಗುಳ್ಳೆಗಳು ಸಿಕ್ಕವು. ಬೆಕ್ಕು ಮೈ ನೆಕ್ಕುವ ಸದ್ದು ಸಾಮಾನ್ಯವಾಗಿ ಯಾರ ಕಿವಿಗೂ ಬೀಳುವುದಿಲ್ಲ. ಆ ಮೂರು ತಿಂಗಳು ನನ್ನ ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಒಣ ಹಲಗೆಗೆ ಉಪ್ಪುಕಾಗದ ಎಳೆದಂತೆ, ಬಿಡದೆ, ಒಂದೇ ಸಮನೆ. ನಿಂತಿತಲ್ಲ ಎಂದು ಪತ್ರಿಕೆಯಿಂದ ತಲೆ ಎತ್ತಿದರೆ ಅದು ನನ್ನನ್ನೇ ನೋಡುತ್ತ ಕೂತಿರುತ್ತಿತ್ತು. ನಾನು ತಲೆ ತಗ್ಗಿಸುವುದನ್ನೇ ಕಾದಿದ್ದಂತೆ ಮತ್ತೆ ಶುರುಮಾಡುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಎಲ್ಲ ಮಾಯವಾಗಿ ಕೂದಲು ಮೊದಲಿನಂತೆ ಬಂತು. ಎರಡನೆಯ ವರ್ಷ ಸರಿಯಾಗಿ ಅದೇ ವಾರ ಮತ್ತೆ ಬಂತು. ಹೇಳಿ ಕಳಿಸಿದಂತೆ ಬರುವ ರೋಗವನ್ನು ಕಂಡು ನನಗೆ ಮೊದಲ ಬಾರಿ ಭಯವಾಯಿತು. ಅಂದಿನಿಂದ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಗಾಳಿಯ ದಿಕ್ಕು, ಕೆರೆದುಕೊಂಡ ಜಾಗ, ತಿಂದ ಅನ್ನ ಎಲ್ಲವನ್ನೂ ಬರೆಯುತ್ತ ಬಂದೆ.

ಮೂರನೆಯ ವರ್ಷ ಹೊಟ್ಟೆಯ ಕೂದಲು ಪೂರ್ತಿ ಹೋಯಿತು. ಕುತ್ತಿಗೆಯ ಚರ್ಮ ಕೆಂಪಾಗಿ ನೀರು ಜಿನುಗಿತು. ಅದೇ ಸಮಯಕ್ಕೆ, ರಜೆಗೆಂದು ಬಂದಿದ್ದ ಶಾಂತಾಳ ಮಗಳ ಕೂಸಿಗೆ ಮೊಣಕೈ ಬಳಿ ಒಂದು ದುಂಡನೆಯ ಕಲೆ ಎದ್ದಿತು. ಶಾಂತಾ ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತ ಮಾತು ತೆಗೆದಳು.

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ಮಗೀಗೆ ಹುಳುಕಡ್ಡಿ ಆಗೈತೆ. ಡಾಕ್ಟ್ರು ಮನ್ಯಾಗೆ ಬೆಕ್ಕು ಐತಾ ಅಂತ ಕೇಳಿದ್ರು."

"ನಾಯಿ ಐತಾ, ದನ ಐತಾ ಅಂತ ಕೇಳಲಿಲ್ಲೇನು?"

"ಕೇಳಿದ್ರು. ನಮ್ಮನ್ಯಾಗೆ ಇರೋದು ಬೆಕ್ಕೊಂದೇ ಅಲ್ವಾ?"

"ನಿಮ್ಮನ್ಯಾಗೆ ಅಲ್ಲ. ನಮ್ಮನ್ಯಾಗೆ" ಎಂದೆ.

ಆ ಸಂಜೆ ರುದ್ರಪ್ಪ ಬಂದ. ಅವನು ನಿಂತೇ ಮಾತಾಡಿದ, ಕೂರಲಿಲ್ಲ. "ಅತ್ತಿಗೆ, ಮಾನವಮಿಗೆ ಬೀಗ್ರು ಬರ್ತಾರೆ. ಅಷ್ಟ್ರೊಳಗೆ ಅದರ ಮೈ ನೆಟ್ಟಗಾಗ್ಲಿಲ್ಲ ಅಂದ್ರೆ ನಾನೇ ಕಾವಲಿಗೆ ಬಿಟ್ಟು ಬರ್ತೀನಿ. ಇಲಿ ಗಿಲಿ ಹಿಡ್ಕಂಡು ಬದುಕ್ತತೆ ಬಿಡ್ರಿ."

ನಮ್ಮ ಕಡೆ ಬೆಕ್ಕನ್ನು ಬಿಟ್ಟು ಬರುವ ಕ್ರಮ ಎಲ್ಲರಿಗೂ ಗೊತ್ತು. ಚೀಲದಲ್ಲಿ ಹಾಕಿ ಬಾಯಿ ಕಟ್ಟುತ್ತಾರೆ. ಮನೆಯ ದಾರಿ ಮರೆಯಲೆಂದು ಚೀಲವನ್ನು ಮೂರು ಸುತ್ತು ತಿರುಗಿಸುತ್ತಾರೆ. ಹುಲ್ಲುಗಾವಲಾದ ಉಳ್ಳಾರ್ತಿ ಕಾವಲಿನಲ್ಲಿ, ಸರ್ಕಾರಿ ಸಂಸ್ಥೆಗಳ ಗೋಡೆ ಬೇಲಿಗಳು ಎದ್ದ ಮೇಲೂ ಉಳಿದಿರುವ ಹುಲ್ಲಿನಲ್ಲಿ ಸುರಿದು, ತಿರುಗಿ ನೋಡದೆ ಬರುತ್ತಾರೆ. ಅಲ್ಲಿ ನರಿಗಳಿವೆ. ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿನ ಪಕ್ಕದ ಮೊಳೆಗೆ ಖಾಲಿ ಶೇಂಗಾ ಚೀಲವೊಂದು ತೂಗುತ್ತಿತ್ತು. ನವಣೆ ಅದರ ನೆರಳಲ್ಲೇ ಕೂತು ಹೊಟ್ಟೆ ನೆಕ್ಕಿಕೊಳ್ಳುತ್ತಿತ್ತು. ಮಹಾನವಮಿಗೆ ಹದಿನೆಂಟು ದಿನ ಉಳಿದಿತ್ತು.

ಬುಟ್ಟಿಗೆ ಬಟ್ಟೆ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದೆ. ಅಂಗಳದಲ್ಲಿ ಕುರಿ, ಎಮ್ಮೆ, ಹಗ್ಗ ಹಿಡಿದ ಜನ. ಬೆಂಚು ಒಂದೇ. ಕೂತಿದ್ದವರು ನನ್ನ ವಯಸ್ಸು ನೋಡಿ ಜಾಗ ಬಿಟ್ಟರು, ಬುಟ್ಟಿ ನೋಡಿ ದೂರ ಸರಿದರು. ಕಿಟಕಿಯ ಸಹಾಯಕನ ಮುಂದಿದ್ದ ದೊಡ್ಡ ಪುಸ್ತಕದಲ್ಲಿ ದನ, ಎಮ್ಮೆ, ಕುರಿ, ಮೇಕೆ, ಕೋಳಿ, ನಾಯಿ ಎಂದು ಮನೆಗಳನ್ನು ಎಳೆದಿತ್ತು. ಬೆಕ್ಕಿಗೆ ಮನೆ ಇರಲಿಲ್ಲ.

"ಹೆಸರು ಹೇಳ್ರಿ."

"ನವಣೆ."

"ಬೆಕ್ಕಿಂದಲ್ಲ ಮೇಡಂ, ನಿಮ್ದು."

ಹಿಂದಿನಿಂದ ಒಬ್ಬ ಕುರಿಯವನು ಕೂಗಿದ: "ನವಣೆಗೆ ಹುಳ ಬಿದ್ದೈತಾ? ಬಿಸಲಿಗೆ ಹರವ್ರಿ ಅಮ್ಮಾರೆ!" ಅಂಗಳವೆಲ್ಲ ನಕ್ಕಿತು. ಸಹಾಯಕ ನಗುತ್ತಲೇ ನವಣೆಯನ್ನು ನಾಯಿಯ ಮನೆಯಲ್ಲಿ ಬರೆದ. ಡಾಕ್ಟರು ಕುರಿಗಳಿಗೆ ಲಸಿಕೆ ಹಾಕಲು ಮೊಳಕಾಲ್ಮುರಿನ ಕಡೆ ಹೋಗಿದ್ದಾರೆ, ಬರುವುದು ಹಬ್ಬದ ಮೇಲೆ ಎಂದ. ಒಂದು ಮುಲಾಮು ಕೊಟ್ಟ. ನಾನು ಬೆಳಿಗ್ಗೆ ಹಚ್ಚಿದ್ದನ್ನು ನವಣೆ ಮಧ್ಯಾಹ್ನದೊಳಗೆ ನೆಕ್ಕಿ ತೆಗೆಯುತ್ತಿತ್ತು. ಹನ್ನೆರಡು ದಿನ ಹೀಗೇ ಕಳೆಯಿತು. ರುದ್ರಪ್ಪ ದಿನವೂ ಹಿತ್ತಲಿಗೆ ಬಂದು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತ ಬೆಕ್ಕನ್ನು ನೋಡುವನು. ಮಾತಿಲ್ಲದೆ ಉಗುಳಿ ಒಳಗೆ ಹೋಗುವನು.

ಆಗ ನನಗೆ ಪಾಲಯ್ಯನ ನೆನಪಾಯಿತು. ದೇವಸಮುದ್ರದ ಕಡೆಯ ಕುರಿಗಾರ, ಒಂದು ಕಾಲದ ನನ್ನ ವಿದ್ಯಾರ್ಥಿ. ಗೊಬ್ಬರಕ್ಕಾಗಿ ನನ್ನಿವಾಳದ ನಮ್ಮ ಹೊಲದಲ್ಲಿ ಆ ವಾರ ಅವನ ಮಂದೆ ನಿಂತಿತ್ತು. ಅವನ ಕುರಿಗಳ ಮೈ ಹೊಳೆಯುವಂತಿರುತ್ತದೆ, ಒಂದು ಉಣ್ಣಿಯೂ ಇರುವುದಿಲ್ಲ. ಹೋಗಿ ವಿಷಯ ಹೇಳಿದೆ. ಅವನು ಉಣ್ಣಿಗೆ ಹಾಕುವ ಔಷಧಿಯ ಸೀಸೆ ತೋರಿಸಿದ. ಕೊಡಲು ಮಾತ್ರ ಹಿಂದೆಮುಂದೆ ನೋಡಿದ.

"ಅಮ್ಮಾರೆ, ಕುರಿಗೆ ಹಾಕ್ತೀನಿ, ಮ್ಯಾಕೆಗೆ ಹಾಕ್ತೀನಿ, ನಾಯಿಗೂ ಹಾಕೀನಿ. ಬೆಕ್ಕಿಗೆ ಹಾಕಿದ್ದು ನಾನು ಕಂಡಿಲ್ಲ. ಡಾಕ್ಟ್ರನ್ನ ಒಂದ್ ಮಾತು ಕೇಳ್ರಿ."

"ಮರಿಗೆ ಎಷ್ಟು ಹಾಕ್ತೀಯಾ ಹೇಳು. ಉಳಿದ ಲೆಕ್ಕ ನಾನು ಮಾಡ್ಕೋತೀನಿ. ತ್ರೈರಾಶಿ ನಿನಗೆ ಕಲಿಸಿದ್ದು ಯಾರೋ?"

"ನೀವೇ. ನನಗೆ ಬರಲಿಲ್ಲ ಬಿಡ್ರಿ" ಎಂದು ನಕ್ಕ. ಆದರೂ, ಸೀಸೆಯನ್ನು ನನ್ನ ಕೈಗಿಡುತ್ತ, "ಕೇಳಿದ್ರೆ ಒಳ್ಳೇದಿತ್ತು" ಎಂದು ಇನ್ನೊಮ್ಮೆ ಹೇಳಿದ.

ಹತ್ತನೆಯ ತರಗತಿಯನ್ನು ಮೂರು ಸಲ ಬರೆದವನು ನನ್ನ ಲೆಕ್ಕವನ್ನು ಅನುಮಾನಿಸಿದ ಎಂದು ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅಂದುಕೊಂಡೆ. ಈ ಒಂದು ಅವಮಾನವನ್ನು ಮಾತ್ರ ನಾನು ತಪ್ಪಾಗಿ ಬರೆದಿಟ್ಟುಕೊಂಡೆ.

ಮಹಾನವಮಿಗೆ ಎರಡು ದಿನ ಮುಂಚೆ, ಬೆಳಿಗ್ಗೆ, ಹುಣಸೆಹಣ್ಣು ತೂಗುವ ತಕ್ಕಡಿಯಲ್ಲಿ ನವಣೆಯನ್ನು ತೂಗಿದೆ. ಮರಿಯ ತೂಕ ಇಷ್ಟು, ಅದಕ್ಕೆ ಔಷಧಿ ಇಷ್ಟು. ಬೆಕ್ಕಿನ ತೂಕ ಇಷ್ಟು, ಹಾಗಾದರೆ ಔಷಧಿ ಎಷ್ಟು? ಬಂದ ಉತ್ತರವನ್ನು ಎಚ್ಚರಿಕೆಗೆಂದು ಅರ್ಧ ಮಾಡಿದೆ. ನೋಟುಪುಸ್ತಕದಲ್ಲಿ ಹಂತ ಹಂತವಾಗಿ ಬರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು, ನೀರು ಬೆರೆಸಿ, ಬೆನ್ನಿನುದ್ದಕ್ಕೂ ಸವರಿದೆ. ನವಣೆ ನನ್ನನ್ನು ನಂಬಿ ಸುಮ್ಮನೆ ನಿಂತಿತ್ತು. ಬಾಲ ಮೇಲಿತ್ತು.

ಹನ್ನೊಂದು ಗಂಟೆಗೆ ಅದರ ಒಂದು ಕಿವಿ ಅದುರಿತು. ನೊಣ ಕೂತಿರಬೇಕು ಎಂದುಕೊಂಡೆ. ನೊಣ ಇರಲಿಲ್ಲ. ಆಮೇಲೆ ಭುಜದ ಚರ್ಮ ತನ್ನಷ್ಟಕ್ಕೆ ಓಡತೊಡಗಿತು, ಕೆಳಗೆ ಏನೋ ಹರಿದಾಡುತ್ತಿರುವಂತೆ. ಹನ್ನೆರಡಕ್ಕೆ ಹಿಂಗಾಲು ನಿಲ್ಲಲಿಲ್ಲ. ಪಾತ್ರೆ ಸದ್ದಾದರೆ ಇಡೀ ಮೈ ಸೆಟೆದು ನಡುಗುತ್ತಿತ್ತು. ಕಣ್ಣು ಅಗಲವಾಗಿ ತೆರೆದಿತ್ತು. ಕೂಗಲಿಲ್ಲ. ಕೂಗಿದ್ದು ನಾನಿರಬೇಕು, ಶಾಂತಾ ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು.

ಸಹಾಯಕ ಫೋನಿನಲ್ಲಿ ಡಾಕ್ಟರ ಸಂಖ್ಯೆ ಕೊಟ್ಟ. ಡಾಕ್ಟರು ಹೆಣ್ಣುಮಗಳು, ದನಿ ಚಿಕ್ಕದು. "ಏನು ಹಾಕಿದ್ರಿ?" ಎಂದು ಕೇಳಿದರು.

"ಕುರಿಗೆ ಹಾಕೋ ಉಣ್ಣಿ ಔಷಧಿ."

"ಅಯ್ಯೋ. ಯಾರು ಹಾಕಿದ್ದು?"

"ಕುರಿಯವನು" ಎಂದೆ.

ಶಾಂತಾ ನನ್ನ ಎದುರೇ ನಿಂತಿದ್ದಳು. ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತ ನಾನು ತಕ್ಕಡಿ ಹಿಡಿದಿದ್ದನ್ನೂ, ಬೆನ್ನಿಗೆ ಸವರಿದ್ದನ್ನೂ ನೋಡಿದ್ದವಳು. ನನ್ನ ಮುಖವನ್ನು ಒಂದು ಸಲ ನೋಡಿದಳು, ಅಷ್ಟೆ. ಬಾಗಿ ನವಣೆಯನ್ನು ಎತ್ತಿಕೊಂಡಳು. ಹುಳುಕಡ್ಡಿ ಎಂದು ಎರಡು ವಾರದಿಂದ ಆ ಬೆಕ್ಕಿನ ನೆರಳನ್ನೂ ತುಳಿಯದಿದ್ದವಳು.

ಪಾತ್ರೆ ತೊಳೆಯುವ ಸೋಪಿನಿಂದ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆಯಬೇಕು, ನೆಕ್ಕಲು ಬಿಡಬಾರದು, ಬಟ್ಟೆ ಸುತ್ತಿ ತಡಮಾಡದೆ ಮೊಳಕಾಲ್ಮುರಿಗೆ ತರಬೇಕು ಎಂದು ಡಾಕ್ಟರು ಹೇಳಿದರು. ನೀರು ಕಾಯಿಸಿದವಳು ನಾನು. ತೊಳೆದವಳು ಶಾಂತಾ. ರುದ್ರಪ್ಪ ಕಾರು ತೆಗೆದುಕೊಂಡು ಹಿರಿಯೂರಿಗೆ ಹೋಗಿದ್ದರಿಂದ ಬಸ್ಸೇ ಗತಿಯಾಯಿತು.

ಆ ದಾರಿಯಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ. ಅಂದಿನಷ್ಟು ಉದ್ದವಾಗಿ ಅದು ಎಂದೂ ಕಂಡಿರಲಿಲ್ಲ. ಎರಡೂ ಕಡೆ ಹುಲ್ಲು ತೆನೆಯೊಡೆದು ನಿಂತಿತ್ತು. ಗಾಳಿ ಬೀಸಿದಾಗ ಅದು ಒಂದೇ ದಿಕ್ಕಿಗೆ ಬಾಗುವುದನ್ನು ಮೊದಲು ಚೆಂದವೆಂದು ನೋಡುತ್ತಿದ್ದೆ. ಅಂದು ಕಿಟಕಿ ಮುಚ್ಚಿದೆ. ಶಾಂತಾಳ ಮಡಿಲಲ್ಲಿ ಬಟ್ಟೆಯ ಗಂಟು ಬಿಟ್ಟುಬಿಟ್ಟು ನಡುಗುತ್ತಿತ್ತು. ನಡುಕ ನಿಂತಾಗ ಇನ್ನೂ ಹೆಚ್ಚು ಹೆದರಿಕೆಯಾಗಿ, ನಾನು ಬಟ್ಟೆ ಸರಿಸಿ ಉಸಿರು ನೋಡುತ್ತಿದ್ದೆ.

ಮುಂದಿನ ಸೀಟಿನವನು ತಿರುಗಿ ನೋಡಿ ಗೊಣಗಿದ: "ಪ್ರಯಾಣದಾಗೆ ಬೆಕ್ಕು ಅಡ್ಡ ಬಂದ್ರೇನೇ ಆಗಲ್ಲ. ಇದು ನಮ್ಜತಿಗೇ ಬರಾಕತ್ತೈತೆ."

"ಸುಮ್ಕಿರಣ್ಣಾ, ಅದು ಅಡ್ಡ ಎಲ್ಲಿ ಬಂತು? ಕೂತೈತೆ" ಎಂದ ಕಂಡಕ್ಟರ್. ಏಳು ಜನರ ಪಟ್ಟಿಯ ಜೊತೆಗೆ ನನ್ನಲ್ಲಿ ಇನ್ನೊಂದು ಚಿಕ್ಕ ಪಟ್ಟಿಯೂ ಇದೆ. ಆ ಕಂಡಕ್ಟರ್ ಅದರಲ್ಲಿದ್ದಾನೆ.

ಪಕ್ಕದಲ್ಲಿ ಕೂತಿದ್ದ ಆಂಧ್ರದ ಕಡೆಯ ಮುದುಕಿ, "ಏಮೈಂದಮ್ಮಾ ಪಿಲ್ಲಿಕಿ?" ಎಂದಳು, ಬೆಕ್ಕಿಗೆ ಏನಾಯಿತು ಎಂದು. ಶಾಂತಾಳ ತವರು ಮೊಳಕಾಲ್ಮುರು. ಅವಳಿಗೆ ತೆಲುಗು ಚೆನ್ನಾಗಿ ಬರುತ್ತದೆ. "ಮಂದು ಎಕ್ಕುವೈಂದಮ್ಮಾ" ಎಂದಳು. ಔಷಧಿ ಹೆಚ್ಚಾಯಿತು ಎಂದಷ್ಟೇ ಹೇಳಿದಳು. ಯಾರಿಂದ ಎಂದು ಮುದುಕಿ ಕೇಳಲಿಲ್ಲ. ನಾನು ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದೆ.

ಆಸ್ಪತ್ರೆಯ ಜಗಲಿಯಲ್ಲಿ ಎಂಟು ಹತ್ತು ಕುರಿಗಾರರಿದ್ದರು. ಡಾಕ್ಟರು ನವಣೆಯನ್ನು ಮೇಜಿನ ಮೇಲೆ ಮಲಗಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸಿರಿಂಜು ತುಂಬುತ್ತ ಕೇಳಿದರು: "ಅವನು ಯಾವ ಔಷಧಿ ಹಾಕಿದ, ಎಷ್ಟು ಹಾಕಿದ, ಎಷ್ಟು ಗಂಟೆಗೆ, ಗೊತ್ತಾ? ಗೊತ್ತಾದ್ರೆ ನನಗೆ ಅನುಕೂಲ."

ಗೊತ್ತಿತ್ತು. ಮಿಲಿಲೀಟರಿನ ಲೆಕ್ಕದಲ್ಲಿ, ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು. ಕುರಿಯವನು ಹಾಕಿದ್ದರೆ ನನಗೆ ಗೊತ್ತಿರಬಾರದಷ್ಟು ನಿಖರವಾಗಿ ಗೊತ್ತಿತ್ತು. ಮೇಜಿನ ಮೇಲೆ ನವಣೆಯ ಕಾಲು ಗಾಳಿಯಲ್ಲಿ ಓಡುತ್ತಿತ್ತು. ನಾನು ಚೀಲದಿಂದ ನೋಟುಪುಸ್ತಕ ತೆಗೆದು, ಆ ಬೆಳಗಿನ ಪುಟ ಬಿಡಿಸಿ ಮೇಜಿನ ಮೇಲಿಟ್ಟೆ.

"ಅವನು ಹಾಕಲಿಲ್ಲ. ನಾನು ಹಾಕಿದೆ. ಡಾಕ್ಟ್ರನ್ನ ಕೇಳಿ ಅಂತ ಅವನು ಎರಡು ಸಲ ಹೇಳಿದ್ದ."

ಜಗಲಿಯ ಕುರಿಗಾರರು ತಿರುಗಿ ನೋಡಿದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತು. ಡಾಕ್ಟರು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಲೆಕ್ಕ ಸರಿಯಾಗೇ ಇದೆ ಮೇಡಂ. ಆದರೆ ಬೆಕ್ಕು ಸಣ್ಣ ಕುರಿ ಅಲ್ಲ. ಕುರಿ ಮೈ ತಡ್ಕೊಳ್ಳೋ ಔಷಧೀನ ಇದರ ಮೈ ಒಂದು ಹನೀನೂ ತಡ್ಕೊಳ್ಳಲ್ಲ" ಎಂದರು. ನನ್ನ ಬದುಕಿನಲ್ಲಿ ಅಷ್ಟು ಮೆಲುದನಿಯಲ್ಲಿ ಯಾರೂ ನನ್ನನ್ನು ದಂಡಿಸಿರಲಿಲ್ಲ.

ಸೂಜಿಮದ್ದು ಕೊಟ್ಟು, ಎರಡು ದಿನ ಕಣ್ಣೆದುರೇ ಇರಲಿ ಎಂದರು. ಶಾಂತಾಳ ತವರಿಗೆ ಹೋದೆವು. ಅವಳ ತಮ್ಮ ವೀರೇಶ ರೇಷ್ಮೆ ಸೀರೆ ನೇಯುವವನು. ಮಗ್ಗದ ಕೋಣೆಯ ಮೂಲೆ ಮಾತ್ರ ಬೆಚ್ಚಗೆ, ಕತ್ತಲಾಗಿ ಇದ್ದುದರಿಂದ ನವಣೆಯನ್ನು ಅಲ್ಲಿ ಮಲಗಿಸಿದೆವು. ವೀರೇಶ ಮಗ್ಗದ ಗುಂಡಿಗೆ ಇಳಿದು ಒಂದು ಸಲ ಲಾಳಿ ಎಸೆದ. ಆ ಸದ್ದಿಗೆ ಬೆಕ್ಕಿನ ಇಡೀ ಮೈ ಚಿಮ್ಮಿ ಬಿತ್ತು. ಅವನು ಲಾಳಿಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೇಲೆ ಹತ್ತಿ ಬಂದು, "ಹಬ್ಬಕ್ಕೆ ಮುಂಚೆ ಒಂದೆಲ್ಡು ದಿನ ಕೂರಬೇಕಂತ ನನಗೂ ಇತ್ತು ಬಿಡ್ರಿ ಅಕ್ಕಾರೆ" ಎಂದ. ಸುಳ್ಳು. ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು. ಅದನ್ನು ನೋಡಿದ್ದೆ. ಹೇಳಲು ನನ್ನ ಬಳಿ ಮುಖವಿರಲಿಲ್ಲ.

ಬೀದಿಯ ಎಲ್ಲ ಮನೆಗಳಲ್ಲೂ ಮಗ್ಗ ಬಡಿಯುತ್ತಿತ್ತು, ನಾವಿದ್ದ ಮನೆಯೊಂದನ್ನು ಬಿಟ್ಟು. ಎರಡು ದಿನ ನಾನೂ ಶಾಂತಾಳೂ ಆ ಮೌನದಲ್ಲಿ ಸರದಿಯಂತೆ ಕೂತೆವು. ನನ್ನ ಸರದಿಯಲ್ಲಿ ನಡುಕಗಳನ್ನು ಎಣಿಸಿ ಬರೆಯಲು ಹೊರಟು, ಮೊದಲ ಸಾಲಿನಲ್ಲೇ ಪೆನ್ನು ಕೆಳಗಿಟ್ಟೆ. ಮೂರನೆಯ ದಿನ ಆಯುಧಪೂಜೆ. ಮಗ್ಗಕ್ಕೆ ಹೂ ಮುಡಿಸಿ ಊದುಬತ್ತಿ ಹಚ್ಚಿದಾಗ ನವಣೆ ತಲೆ ಎತ್ತಿತು. ತೂರಾಡುತ್ತ ಎದ್ದು ನಾಲ್ಕು ಹೆಜ್ಜೆ ನಡೆದು, ಶಾಂತಾಳ ಬೆರಳ ತುದಿಯ ಕೆನೆ ನೆಕ್ಕಿತು. ಹೀಗೆ ರುದ್ರಪ್ಪ ಕೊಟ್ಟ ಗಡುವಿನ ದಿನ ನಾವು ಅವನಿಂದ ದೂರ, ಮೊಳಕಾಲ್ಮುರಿನಲ್ಲಿ ಕಳೆದೆವು. ಬೀಗರಿಗೆ ಅಡುಗೆ ಯಾರು ಮಾಡಿದರೆಂದು ಶಾಂತಾ ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಹಬ್ಬದ ಮರುದಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿದು ನವಣೆಯ ಮೈ ನೋಡಿದರು, ಕೂದಲು ಕಿತ್ತು ಪರೀಕ್ಷಿಸಿದರು. ಹುಳುಕಡ್ಡಿಯಲ್ಲ ಎಂದರು. ನನ್ನ ನೋಟುಪುಸ್ತಕವನ್ನು ಕೇಳಿ ಪಡೆದು ಮೂರು ವರ್ಷದ ದಿನಾಂಕಗಳ ಮೇಲೆ ಬೆರಳಾಡಿಸಿದರು. "ಪ್ರತಿ ವರ್ಷ ಇದೇ ಹೊತ್ತಿಗೆ ನಿಮ್ಮ ಕಡೆ ಏನಾಗುತ್ತೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಶಾಂತಾ ಹೇಳಿದಳು: "ಹುಲ್ಲು ತೆನೆ ಬಿಡ್ತತೆ. ಕಾವಲು ಕಡೆಯಿಂದ ಗಾಳಿ ಬರ್ತತೆ."

ಇದು ಹುಲ್ಲಿನ ಪರಾಗದ ಅಲರ್ಜಿ, ವಾಸಿಯಾಗುವಂಥದ್ದಲ್ಲ ಎಂದು ತಿಳಿದದ್ದು ಆಗ. ಪ್ರತಿ ವರ್ಷ ಬರುತ್ತದೆ. ಆ ದಿನಗಳಲ್ಲಿ ಬೆಕ್ಕನ್ನು ಹೊರಗೆ ಬಿಡದೆ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅವರು ಹೇಳಿದಷ್ಟೇ ಕೊಟ್ಟರೆ ಅದು ಸಹಿಸಿಕೊಳ್ಳುತ್ತದೆ. ಮಾತ್ರೆ ತಪ್ಪಿದರೆ ಎರಡೇ ದಿನದಲ್ಲಿ ಕುತ್ತಿಗೆ ಮತ್ತೆ ಹುಣ್ಣಾಗುತ್ತದೆ. ಔಷಧಿಯಿಲ್ಲದೆ ಅದನ್ನು ಆ ಹುಲ್ಲಿನೊಳಕ್ಕೇ ಸುರಿದು ಬರುವುದರಲ್ಲಿದ್ದನಲ್ಲ ರುದ್ರಪ್ಪ ಎಂದು ನೆನೆದರೆ ಇಂದಿಗೂ ಮೈ ತಣ್ಣಗಾಗುತ್ತದೆ.

ಊರಿಗೆ ಬಂದಾಗ ರುದ್ರಪ್ಪ, "ಬಂದ್ರಾ?" ಎಂದಷ್ಟೇ ಕೇಳಿದ. ಮೊಳೆಯ ಮೇಲಿನ ಚೀಲ ಇರಲಿಲ್ಲ. ಕೂಸಿನ ಕಲೆ ಅವರ ಊರಿನ ಕರುವಿನಿಂದ ಬಂದದ್ದೆಂದು ನನಗೆ ಯಾರೂ ಬಂದು ಹೇಳಲಿಲ್ಲ. ಗೋಡೆಯಾಚೆಯ ಫೋನಿನ ಮಾತಿನಿಂದ ತಿಳಿಯಿತು. ಅದು ನೆನಪಿದೆ. ನನ್ನಿವಾಳಕ್ಕೆ ಹೋಗಿ ಪಾಲಯ್ಯನಿಗೆ ಎಲ್ಲವನ್ನೂ ಹೇಳಿದೆ, ಅವನ ಮೇಲೆ ಹೊರಿಸಿದ್ದನ್ನೂ. ಅವನು ತಲೆ ಕೆರೆದುಕೊಂಡು, "ನನ್ನ ಹೆಸರು ಹೇಳಿದ್ರಾ, ಬರೇ ಕುರಿಯವನು ಅಂದ್ರಾ?" ಎಂದು ಕೇಳಿದ. ಹೆಸರು ಹೇಳಲಿಲ್ಲ ಎಂದೆ. "ಹಂಗಾದ್ರೆ ನಾನಲ್ಲ ಬಿಡ್ರಿ. ಈ ಕಡೆ ಕುರಿಯವ್ರು ಕಮ್ಮಿ ಅದಾರಾ?" ಎಂದು ನಕ್ಕ.

ಇದೆಲ್ಲ ನಡೆದು ಎರಡು ವರ್ಷವಾಯಿತು. ನವಣೆ ಬದುಕಿದೆ. ಸಂಕ್ರಾಂತಿಯಿಂದ ಶ್ರಾವಣದವರೆಗೆ ನನ್ನ ಕಾಲ ಬಳಿಯೇ ಮಲಗುತ್ತದೆ. ಆದರೆ ನಾನು ಕೈಯಲ್ಲಿ ಏನನ್ನಾದರೂ ಹಿಡಿದು ಬಗ್ಗಿದರೆ ಮಂಚದ ಕೆಳಗೆ ಓಡಿಹೋಗಿ ಸಂಜೆಯವರೆಗೆ ಬರುವುದಿಲ್ಲ. ಮಾತ್ರೆಯನ್ನು ಮೀನಿನಲ್ಲಿಟ್ಟೆ, ಬೆಣ್ಣೆಯಲ್ಲಿಟ್ಟೆ, ಕೈಗೆ ಅರಿಶಿನ ಹಚ್ಚಿಕೊಂಡೆ, ಬೇರೆ ಸೀರೆ ಉಟ್ಟೆ. ನನ್ನ ಕೈಯಿಂದ ಅದು ತಿನ್ನುವುದಿಲ್ಲ. ನಾನು ಅದೇ ಕೋಣೆಯಲ್ಲಿದ್ದರೂ ತಿನ್ನುವುದಿಲ್ಲ. ಶಾಂತಾಳ ಕೈಯಿಂದ ತಿನ್ನುತ್ತದೆ.

ಹಾಗಾಗಿ ಹುಲ್ಲು ತೆನೆಯೊಡೆದ ದಿನದಿಂದ, ಪ್ರತಿ ಬೆಳಿಗ್ಗೆ ಏಳಕ್ಕೆ, ನಾನೇ ಹಿತ್ತಲ ಮೂಲಕ ಹೋಗಿ ಅವಳನ್ನು ಕರೆಯುತ್ತೇನೆ. ಕರೆಯದೆ ಅವಳು ಬರುವುದಿಲ್ಲ. ಕರೆದ ಮೇಲೆ ಒಂದು ದಿನವೂ ಬರದೆ ಉಳಿದಿಲ್ಲ. ಫೋನಿನಲ್ಲಿ ನಾನು ಆಡಿದ ಆ ಒಂದು ಸುಳ್ಳನ್ನು ಅವಳು ಇದುವರೆಗೆ ಎತ್ತಿಲ್ಲ. ನಾನಾಗಿದ್ದರೆ ಎತ್ತುತ್ತಿದ್ದೆ. ಎಂದು ಎತ್ತುತ್ತಾಳೋ ಎಂದು ಅವಳು ಬಾಗಿಲು ದಾಟಿದಾಗಲೆಲ್ಲ ಕಾಯುತ್ತೇನೆ.

ಈ ವರ್ಷ ಮಳೆ ಬೇಗ ಹಿಂದೆಗೆಯಿತು. ನಿನ್ನೆ ನವಣೆಯ ಕಿವಿಯ ಹಿಂದೆ ರವೆಯಂಥದ್ದು ಬೆರಳಿಗೆ ಸಿಕ್ಕಿತು. ಇಂದು ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿದೆ. ಶಾಂತಾ ಬಂದಳು. ಮಾತ್ರೆಯನ್ನು ಅವಳ ಅಂಗೈಯಲ್ಲಿಟ್ಟು, ನಾನು ಮಹಡಿಯ ಮೆಟ್ಟಿಲು ಹತ್ತಿ ಕಣ್ಣಿಗೆ ಬೀಳದ ಕಡೆ ಕೂತೆ. ಕೆಳಗೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವಳ ದನಿ ಬಂತು:

"ನುಂಗಿತು, ಇಳೀರಿ ಅಕ್ಕಾ."